ಪ್ಲಸ್ ಟು ಮುಗಿಯುವ ಮೊದಲೇ ಕಾಲೇಜಿನ ಕ್ರೆಡಿಟ್, ಅಪ್ರೆಂಟಿಸ್: ಕಾಸರಗೋಡಿನ ಕನ್ನಡ ಮಕ್ಕಳಿಗೆ ಏನೇನು ದಾರಿ ಉಂಟು

ಅಮೆರಿಕದಲ್ಲಿ ಹೈಸ್ಕೂಲಿನ ಮಕ್ಕಳು ಕಾಲೇಜಿನ ಕೋರ್ಸು ಮಾಡಿ, ಅದರ ಕ್ರೆಡಿಟ್ಟನ್ನು ಮುಂದೆ ಡಿಗ್ರಿಗೆ ಸೇರಿಸಿಕೊಳ್ಳುತ್ತಾರೆ. ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತಾರೆ. ಅಲ್ಲಿರುವ ನೆಂಟರ ಮಕ್ಕಳ ಸುದ್ದಿ ಕೇಳಿ ನಮ್ಮ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಪ್ಪ ಅಮ್ಮಂದಿರೂ ಕೇಳುತ್ತಾರೆ: ನಮ್ಮಲ್ಲಿ ಅಂಥದ್ದು ಇಲ್ವಾ?

ಅದೇ ಥರದ್ದು ಇಲ್ಲ. ಕೇರಳದ ಪ್ಲಸ್ ಟು ಅಂಕಪಟ್ಟಿ ಹಿಡ್ಕೊಂಡು ಹೋಗಿ, ಇದಕ್ಕೆ ಆರು ಕ್ರೆಡಿಟ್ ಕೊಡಿ ಅಂದರೆ ಯಾವ ಕಾಲೇಜೂ ಕೊಡುವುದಿಲ್ಲ. ಆದರೆ ಹತ್ತನೇ ಆದ ಮೇಲೆ ಓದಿದ್ದು ಎರಡು ಕಡೆ ಲೆಕ್ಕಕ್ಕೆ ಬರುವ ದಾರಿಗಳು ಖಂಡಿತ ಇವೆ, ಒಂದು ಕಡೆ ವರ್ಷ ಉಳಿಯುತ್ತದೆ, ಇನ್ನೊಂದು ಕಡೆ ಓದಿನ ಜೊತೆಗೆ ಕೆಲಸದ ಸರ್ಟಿಫಿಕೇಟೂ ಸಿಗುತ್ತದೆ. ಎಲ್ಲ ಮಲಯಾಳ ಅಥವಾ ಇಂಗ್ಲಿಷ್ ಸುತ್ತೋಲೆಗಳಲ್ಲಿ ಇರುವ ಕಾರಣ ಕನ್ನಡ ಮಾಧ್ಯಮದವರ ಕಿವಿಗೆ ತಡವಾಗಿ ಬೀಳುತ್ತದೆ ಅಷ್ಟೆ. ಅದಕ್ಕೇ ಇದನ್ನು ಬರೆಯುತ್ತಿರುವುದು. ಒಂಬತ್ತು, ಹತ್ತರ ಮಕ್ಕಳಿರುವ ಮನೆಯವರಿಗೆ ಮತ್ತು ಅವರು ಸಲಹೆ ಕೇಳುವ ಮಾಷ್ಟ್ರು, ಟೀಚರುಗಳಿಗೆ.

ಒಂದು ಕ್ರೆಡಿಟ್ ಅಂದ್ರೆ ಎಷ್ಟು ಗಂಟೆ

2023ರಲ್ಲಿ ಕೇಂದ್ರ ಸರಕಾರ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್ ಅಂತ ಒಂದು ಚೌಕಟ್ಟು ತಂದಿತು. ಶಾಲೆ, ಕಾಲೇಜು, ಐಟಿಐ ಎಲ್ಲದಕ್ಕೂ ಒಂದೇ ಅಳತೆ: 30 ಗಂಟೆ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. ಕ್ಲಾಸು, ಲ್ಯಾಬು, ಮನೆಯಲ್ಲಿ ಓದಿದ್ದು, ಕೆಲಸದ ಜಾಗದಲ್ಲಿ ಕಲಿತದ್ದು ಎಲ್ಲ ಈ ಗಂಟೆಗಳೊಳಗೆ ಬರುತ್ತದೆ. ಹತ್ತನೇ ಪಾಸಾದವರು 3ನೇ ಹಂತ, ಹನ್ನೆರಡು ಪಾಸಾದವರು 4ನೇ ಹಂತ, ಡಿಗ್ರಿಯ ಮೊದಲ ವರ್ಷ 4.5.

ಇದು ಗೊತ್ತಿದ್ದರೆ ಒಂದು ದೊಡ್ಡ ಲಾಭ ಉಂಟು. ರಜೆಯಲ್ಲಿ ಎರಡು ದಿನದ ಕ್ಯಾಂಪ್ ಮಾಡಿ ‘ಎರಡು ಕ್ರೆಡಿಟ್’ ಅಂತ ಬಣ್ಣದ ಸರ್ಟಿಫಿಕೇಟು ಯಾರಾದರೂ ಕೊಟ್ಟರೆ, ಅರವತ್ತು ಗಂಟೆ ಎಲ್ಲಿ ಹೋಯ್ತು ಅಂತ ಕೇಳಬಹುದು. ದುಡ್ಡು ಕೊಡುವ ಮೊದಲೇ ಕೇಳಿ.

ಐಡಿ ಮಾಡಿಸುವ ಮೊದಲು ಹೆಸರು ನೋಡಿ

ಕ್ರೆಡಿಟ್ ಜಮೆ ಆಗುವ ಜಾಗಕ್ಕೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಹೆಸರು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಇದರ ನಿಯಮ ತಂದದ್ದು 2021ರಲ್ಲಿ. ಅದಕ್ಕೆ ಬೇಕಾದ್ದು ‘ಅಪಾರ್’ ಎಂಬ 12 ಅಂಕೆಯ ಐಡಿ, ಅದು ಡಿಜಿಲಾಕರ್‌ನಲ್ಲಿ ಕಾಣುತ್ತದೆ. ಶಾಲಾ ಮಕ್ಕಳಿಗೆ ಶಾಲೆಯ ಮೂಲಕ ಆಗುತ್ತದೆ, ಅಪ್ಪ ಅಥವಾ ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಕಡ್ಡಾಯ ಅಲ್ಲ, ಬೇಡ ಅನ್ನಲೂಬಹುದು. ಜಮೆಯಾದ ಕ್ರೆಡಿಟ್ಟಿಗೆ ಹೆಚ್ಚೆಂದರೆ 7 ವರ್ಷ ಆಯುಷ್ಯ.

ನಮ್ಮ ಕಡೆ ಇದು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿರುವ ಹೆಸರು ಮತ್ತು ಶಾಲೆಯ ದಾಖಲೆಯ ಹೆಸರು ಒಂದೇ ಇರಬೇಕು. ಕೇರಳದ ಕ್ರಮದಂತೆ ಶಾಲೆಯಲ್ಲಿ ‘ಅನನ್ಯ ಕೆ.’ ಅಂತ ಹಾಕಿರುತ್ತಾರೆ, ಆಧಾರ್ ಮಾಡಿಸಿದಲ್ಲಿ ‘ಅನನ್ಯ ಕುಲಾಲ್’ ಆಗಿರುತ್ತದೆ. ಇನ್ನು ಕೆಲವರದ್ದು ಕನ್ನಡದಿಂದ ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದು ಎಚ್ ಜಾಸ್ತಿಯೋ ಕಡಿಮೆಯೋ ಆಗಿರುತ್ತದೆ. ಶೆಟ್ಟಿ, ಭಂಡಾರಿ, ಆಳ್ವ ಎಲ್ಲರಿಗೂ ಈ ಗೋಳು ಇದ್ದದ್ದೇ. ಎಸ್‌ಎಸ್‌ಎಲ್‌ಸಿ ಪುಸ್ತಕ ಅಚ್ಚಾದ ಮೇಲೆ ಅದನ್ನು ತಿದ್ದಿಸುವುದು ದೊಡ್ಡ ತಲೆನೋವು, ಆದ್ದರಿಂದ ಒಂಬತ್ತನೆಯಲ್ಲೇ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ಮನೆಯಲ್ಲಿ ಯಾರ ಕೈಯಲ್ಲಾದರೂ ಉಂಟಾ ಅಂತಲೂ ನೋಡಿ. ಗಲ್ಫಿಗೆ ಹೋದ ಅಪ್ಪನ ಹಳೆಯ ನಂಬರಿಗೆ ಒಟಿಪಿ ಹೋಗುತ್ತಿದ್ದರೆ ಆನ್‌ಲೈನ್ ಅರ್ಜಿ ಮಾಡಿಕೊಡುವ ಅಕ್ಷಯ ಕೇಂದ್ರದವರೂ ಏನೂ ಮಾಡಲಾಗುವುದಿಲ್ಲ.

ಲೆಕ್ಕ ಹಿಂದಿನಿಂದ ಹಾಕಿ

ಹೆಚ್ಚಿನವರು ಮೊದಲು ಕೋರ್ಸು ಮಾಡುತ್ತಾರೆ, ಆಮೇಲೆ ಇದು ಎಲ್ಲಿ ನಡೆಯುತ್ತದೆ ಅಂತ ಹುಡುಕುತ್ತಾರೆ. ತಿರುಗಿಸಿ ಮಾಡಿ. ಮಗು ಮುಂದೆ ಸೇರಬಹುದಾದ ಎರಡು ಮೂರು ಕಾಲೇಜು ಗುರುತು ಹಾಕಿ: ವಿದ್ಯಾನಗರದ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು, ಇಲ್ಲ ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು, ಇಲ್ಲ ಮಂಗಳೂರು. ನಂತರ ಅವರನ್ನೇ ಕೇಳಿ, ಇಮೇಲಿನಲ್ಲಿ ಕೇಳಿ. ಫೋನಿನಲ್ಲಿ ‘ಆಗ್ತದೆ, ಬನ್ನಿ’ ಅಂದದ್ದು ಸೀಟು ಸಿಕ್ಕಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಹೀಗೆ ಬರೆದರೆ ಸಾಕು:

‘ನನ್ನ ಮಗಳು ಈಗ ಪ್ಲಸ್ ವನ್ ಓದುತ್ತಿದ್ದಾಳೆ. ಇಂಥ ಸಂಸ್ಥೆಯ ಇಂಥ ಕೋರ್ಸು ಮಾಡಬೇಕೆಂದಿದ್ದಾಳೆ, ಇಷ್ಟು ಗಂಟೆ, ಇಷ್ಟು ಕ್ರೆಡಿಟ್. ಪ್ಲಸ್ ಟು ಆದ ಮೇಲೆ ನಿಮ್ಮಲ್ಲಿ ಈ ಡಿಗ್ರಿಗೆ ಸೇರಿದರೆ ಆ ಕ್ರೆಡಿಟ್ ಒಪ್ಪುತ್ತೀರಾ? ಒಪ್ಪುವುದಾದರೆ ಯಾವ ಪೇಪರಿನ ಬದಲಿಗೆ? ಸೇರುವ ಮೊದಲು ಮಾಡಿದ ಕೋರ್ಸು ಆಗುತ್ತದೆಯೇ, ಸೇರಿದ ಮೇಲೆ ಮಾಡಿದ್ದು ಮಾತ್ರವೇ?’

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೆಚ್ಚಿನ ಕಡೆ ಗಂಟು ಇರುವುದೇ ಅಲ್ಲಿ.

ವಿಎಚ್‌ಎಸ್‌ಇ: ಯಾಕೋ ಎಲ್ಲರೂ ಕೊನೆಗೆ ನೋಡುವ ದಾರಿ

ವೊಕೇಶನಲ್ ಹೈಯರ್ ಸೆಕೆಂಡರಿ ಅಂದರೆ ಅಂಕ ಕಡಿಮೆ ಬಂದವರಿಗೆ ಅಂತ ನಮ್ಮಲ್ಲಿ ಒಂದು ಮಾತು ಉಂಟು. ನನಗೆ ಅದು ಒಪ್ಪಿಗೆ ಇಲ್ಲ. ಕೇರಳದಲ್ಲಿ ಇದು ಶುರುವಾದದ್ದು 1983-84ರಲ್ಲಿ. ಈಗ ಕೋರ್ಸುಗಳೆಲ್ಲ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ, ಅಂದರೆ ಎನ್‌ಎಸ್‌ಕ್ಯುಎಫ್‌ಗೆ ಬದಲಾಗಿವೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಂಥ ವಿಷಯ ಹಾಗೇ ಇರುತ್ತವೆ, ಅದರ ಜೊತೆಗೆ ಒಂದು ಕೆಲಸದ ವಿಷಯ. ಕೃಷಿ, ಹೈನುಗಾರಿಕೆ, ಕಂಪ್ಯೂಟರ್, ವಾಹನ, ಹೀಗೆ. ಪಾಸಾದರೆ ಪ್ಲಸ್ ಟು ಪಾಸಾದ ಹಾಗೆಯೇ, ಯಾವ ಡಿಗ್ರಿಗೂ ಹೋಗಬಹುದು. ಮೇಲಿಂದ ಕೌಶಲದ ಸರ್ಟಿಫಿಕೇಟು. ಕೇರಳ ಪಿಎಸ್‌ಸಿಯ ಕೆಲವು ಹುದ್ದೆಗಳಿಗೆ ವಿಎಚ್‌ಎಸ್‌ಇಯ ನಿರ್ದಿಷ್ಟ ಕೋರ್ಸೇ ಅರ್ಹತೆ. ಪ್ಲಸ್ ಟು ಮುಗಿಯುವಾಗ ಕೈಯಲ್ಲಿ ಎರಡು ಕಾಗದ ಬೇಕು ಅನ್ನುವವರಿಗೆ ಇಲ್ಲಿ ಇದಕ್ಕಿಂತ ಹತ್ತಿರದ್ದು ಬೇರೆ ಇಲ್ಲ. ಮೊಗ್ರಾಲ್, ಮುಳ್ಳೇರಿಯ, ಕುಂಜತ್ತೂರು, ಕಾಸರಗೋಡು ಪೇಟೆ, ಇಷ್ಟು ಕಡೆ ಸರಕಾರಿ ವಿಎಚ್‌ಎಸ್ ಶಾಲೆಗಳಿವೆ. ಯಾವ ಶಾಲೆಯಲ್ಲಿ ಯಾವ ಕೋರ್ಸು ಅನ್ನುವುದನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿ.

ಕನ್ನಡದವರು ಗಮನಿಸಬೇಕಾದ್ದು ಒಂದು. ಸಾಮಾನ್ಯ ಪ್ಲಸ್ ಟುವಿನಲ್ಲಿ ಎರಡನೇ ಭಾಷೆಯಾಗಿ ಕನ್ನಡ ತಗೊಳ್ಳಬಹುದು. ವಿಎಚ್‌ಎಸ್‌ಇಯಲ್ಲಿ ಎರಡನೇ ಭಾಷೆಯೇ ಇಲ್ಲ, ಆ ಜಾಗದಲ್ಲಿ ಎಂಟರ್‌ಪ್ರೆನ್ಯೂರ್‌ಶಿಪ್ ಎಂಬ ವಿಷಯ. ಮಲಯಾಳ ಓದಬೇಕಾದೀತು ಅಂತ ಹೆದರುವವರಿಗೆ ಇದು ಸಮಾಧಾನ, ಆದರೆ ಮುಂದೆ ಕನ್ನಡ ಬಿಎ ಮಾಡಬೇಕು, ಟೀಚರ್ ಆಗಬೇಕು ಅಂತಿರುವ ಮಗುವಿಗೆ ಎರಡು ವರ್ಷ ಕನ್ನಡದ ಪಾಠ ತಪ್ಪುತ್ತದೆ. ಅಂಥವರಿಗೆ ನಾನು ಸಾಮಾನ್ಯ ಪ್ಲಸ್ ಟುವನ್ನೇ ಹೇಳುತ್ತೇನೆ.

ಅರ್ಜಿ ಬೇರೆ ಬೇರೆ ಅನ್ನುವುದೂ ನೆನಪಿರಲಿ. ಪ್ಲಸ್ ವನ್ ಪ್ರವೇಶದ ಏಕಜಾಲಕಕ್ಕೆ (ಸಿಂಗಲ್ ವಿಂಡೋ) ಹಾಕಿದ ಅರ್ಜಿ ತನ್ನಷ್ಟಕ್ಕೆ ವಿಎಚ್‌ಎಸ್‌ಇಗೆ ಹೋಗುವುದಿಲ್ಲ. ಎರಡಕ್ಕೂ ಹಾಕಿ, ಅಲಾಟ್‌ಮೆಂಟ್ ಬಂದ ಮೇಲೆ ಯೋಚನೆ ಮಾಡಿ.

ಸೇರಿದ ಮೇಲೆ ಆನ್ ದ ಜಾಬ್ ಟ್ರೈನಿಂಗ್ ಅಂತ ಹೊರಗೆ ಕಳಿಸುತ್ತಾರೆ. ಹೆಚ್ಚಿನ ಮಕ್ಕಳು ಹೋಗಿ, ಫೋಟೋ ತೆಗೆದು, ಬರುತ್ತಾರೆ. ಹಾಗಲ್ಲ. ಒಂದು ಗೆರೆ ನೋಟ್‌ಬುಕ್ ಇಟ್ಟು ದಿನಕ್ಕೆ ಒಂದು ಸಾಲು ಬರೆಯಲು ಹೇಳಿ: ತಾರೀಕು, ಎಷ್ಟರಿಂದ ಎಷ್ಟು ಗಂಟೆ, ಏನು ಮಾಡಿದ್ದು. ‘ನರ್ಸರಿ ಕೆಲಸ’ ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. ‘ಕರಿಮೆಣಸಿನ ಬಳ್ಳಿಯಿಂದ ಎರಡು ಗಂಟಿನ ತುಂಡು ಕತ್ತರಿಸಿ ಪಾಲಿಥೀನ್ ಚೀಲದಲ್ಲಿ ನೆಟ್ಟದ್ದು, 40 ಚೀಲ’ ಅಂತ ಬರೆದರೆ ಮುಂದೆ ಸಂದರ್ಶನದಲ್ಲಿ ಅದೇ ಮಾತಾಡುತ್ತದೆ. ವಾರಕ್ಕೊಮ್ಮೆ ಅಲ್ಲಿನವರ ಸಹಿ, ಕೊನೆಗೆ ಸೀಲು. ಮುಂದೆ ಯಾರಾದರೂ ಗಂಟೆ ಲೆಕ್ಕ ಕೇಳಿದರೆ ತೋರಿಸಲು ಇರುವುದು ಈ ಪುಸ್ತಕ ಒಂದೇ.

ವರ್ಷ ನಿಜವಾಗಿ ಉಳಿಯುವ ಕಡೆ: ಪಾಲಿಟೆಕ್ನಿಕ್, ಐಟಿಐ

ಇಲ್ಲಿ ಕ್ರೆಡಿಟ್ ಅನ್ನುವ ಮಾತೇ ಬರುವುದಿಲ್ಲ, ಆದರೆ ಕೆಲಸ ಅದೇ. ಲ್ಯಾಟರಲ್ ಎಂಟ್ರಿ ಅಂತಾರೆ, ನೇರ ಎರಡನೇ ವರ್ಷಕ್ಕೆ ಸೇರುವುದು. ಮುಂದಿನ ಕೋರ್ಸಿನ ಮೊದಲ ವರ್ಷ ಓದಬೇಕಾಗಿಲ್ಲ, ಉಳಿಯುವುದು ಆ ವರ್ಷ.

ಕೂಡಿಸಿ ನೋಡಿ. ಹತ್ತನೇ ಆದ ಮೇಲೆ ಪ್ಲಸ್ ಟು 2 ವರ್ಷ, ಬಿಟೆಕ್ 4 ವರ್ಷ, ಒಟ್ಟು 6. ಹತ್ತನೇ ಆದ ಮೇಲೆ ಡಿಪ್ಲೊಮಾ 3 ವರ್ಷ, ಆಮೇಲೆ ಬಿಟೆಕ್‌ನ ಎರಡನೇ ವರ್ಷಕ್ಕೆ ಸೇರಿ 3 ವರ್ಷ, ಒಟ್ಟು ಅದೇ 6. ಆದರೆ ಎರಡನೇ ದಾರಿಯಲ್ಲಿ ನಡುವೆ ಕೈಯಲ್ಲೊಂದು ಡಿಪ್ಲೊಮಾ ಇರುತ್ತದೆ, ಮನೆಯ ಪರಿಸ್ಥಿತಿ ಸರಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೆ ಹೋಗಬಹುದು. ಐಟಿಐ 2 ವರ್ಷ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಸಯನ್ಸ್ ಪ್ಲಸ್ ಟು ಅಥವಾ ವಿಎಚ್‌ಎಸ್‌ಇ ಆದವರಿಗೂ ಹಾಗೆಯೇ. ಐಟಿಐ, ಡಿಪ್ಲೊಮಾ, ಬಿಟೆಕ್ ಮೂರನ್ನೂ ಮಾಡಿದರೆ 7 ವರ್ಷ ಆಗುತ್ತದೆ, ಒಂದು ವರ್ಷ ಜಾಸ್ತಿ, ಆದರೆ ಮೂರು ಸರ್ಟಿಫಿಕೇಟು. ಡಿಪ್ಲೊಮಾದಿಂದ ಬಿಟೆಕ್‌ಗೆ ಹೋಗಲು ಕೇರಳ ಸರಕಾರದ ಎಲ್‌ಬಿಎಸ್ ಸೆಂಟರ್ ನಡೆಸುವ ಲ್ಯಾಟರಲ್ ಎಂಟ್ರಿ ಟೆಸ್ಟ್ (ಎಲ್‌ಇಟಿ) ಬರೆಯಬೇಕು.

ನಮ್ಮ ಜಿಲ್ಲೆಯ ಪಾಲಿಟೆಕ್ನಿಕ್‌ಗಳೆಲ್ಲ ತೆಂಕು ಬದಿಗೆ, ಪೆರಿಯ, ಕಾಞಂಗಾಡು, ತೃಕ್ಕರಿಪುರ. ಮಂಜೇಶ್ವರದವರಿಗೆ ಮಂಗಳೂರು ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್, ಅಂದರೆ ಕೆಪಿಟಿಯೇ ಹತ್ತಿರ, ಆದರೆ ಅದು ಕರ್ನಾಟಕದ ಲೆಕ್ಕ, ಸೀಟಿನ ನಿಯಮ ಬೇರೆ.

ಇನ್ನೂ ಸಣ್ಣ ಮಕ್ಕಳಿದ್ದರೆ ಟೆಕ್ನಿಕಲ್ ಹೈಸ್ಕೂಲ್ ಬಗ್ಗೆಯೂ ತಿಳ್ಕೊಳ್ಳಿ. ಅಲ್ಲಿಗೆ ಎಂಟನೇ ಕ್ಲಾಸಿಗೇ ಸೇರಬೇಕು, ಮೊಗ್ರಾಲ್ ಪುತ್ತೂರಿನಲ್ಲಿ ಒಂದು ಉಂಟು. ಹತ್ತನೇ ಮುಗಿಸಿದರೆ ಎಸ್‌ಎಸ್‌ಎಲ್‌ಸಿಯ ಬದಲು ಅಲ್ಲಿ ಸಿಗುವುದು ಟಿಎಚ್‌ಎಸ್‌ಎಲ್‌ಸಿ. ಅದಿರುವವರಿಗೆ ಕೇರಳದ ಪಾಲಿಟೆಕ್ನಿಕ್ ಸೀಟುಗಳಲ್ಲಿ ಶೇ. 10 ಮೀಸಲು. ಪಾಠ ಇಂಗ್ಲಿಷಿನಲ್ಲಿ, ಏಳನೇವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಮೊದಲ ಕೆಲವು ತಿಂಗಳು ಕಷ್ಟ ಆದೀತು.

ಐಟಿಐಗೆ ಹೋದವರಿಗೆ ‘ನಿನಗೆ ಪ್ಲಸ್ ಟು ಇಲ್ಲ’ ಅಂತ ಯಾರಾದರೂ ಅಂದರೆ ಎನ್‌ಐಒಎಸ್ ಎಂಬ ಮುಕ್ತ ಶಾಲೆ ಉಂಟು. ಐಟಿಐಯ ಟ್ರೇಡ್ ವಿಷಯಗಳನ್ನು ಅಲ್ಲಿಗೆ ವರ್ಗಾಯಿಸಿ, ಭಾಷೆ ಸೇರಿ ಉಳಿದದ್ದಕ್ಕೆ ಮಾತ್ರ ಪರೀಕ್ಷೆ ಬರೆದು ಹನ್ನೆರಡರ ಸರ್ಟಿಫಿಕೇಟು ಪಡೆಯಬಹುದು. ಪ್ಲಸ್ ಟುವಿನಲ್ಲಿ ಫೇಲಾದವರೂ ಪಾಸಾದ ಎರಡು ವಿಷಯಗಳವರೆಗೆ ಅಲ್ಲಿಗೆ ಒಯ್ಯಬಹುದು. ಪೂರ್ತಿ ಮಾಡಲು 5 ವರ್ಷ ಸಮಯ ಕೊಡುತ್ತಾರೆ.

ಆನ್‌ಲೈನ್ ಕೋರ್ಸುಗಳು

ಶಾಲೆಯಲ್ಲಿರುವಾಗಲೇ ನಿಜವಾದ ಡಿಗ್ರಿಯ ಬಾಗಿಲು ತಟ್ಟಬೇಕು ಅಂದರೆ ನನಗೆ ಕಾಣುವುದು ಐಐಟಿ ಮದ್ರಾಸಿನ ಡೇಟಾ ಸಯನ್ಸ್ ಬಿಎಸ್, ಆನ್‌ಲೈನಿನಲ್ಲಿ ಓದುವ ಡಿಗ್ರಿ ಕೋರ್ಸು. ಹನ್ನೊಂದನೇ ಕ್ಲಾಸಿನ ಪರೀಕ್ಷೆ ಬರೆದವರು ಅರ್ಜಿ ಹಾಕಬಹುದು, ಸಯನ್ಸೇ ಆಗಬೇಕೆಂದಿಲ್ಲ, ಹತ್ತನೇಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಆಯ್ತು. ನಾಲ್ಕು ವಾರದ ಪಾಠ, ವಾರ ವಾರ ಅಸೈನ್‌ಮೆಂಟು, ಆಮೇಲೆ ಕೇಂದ್ರಕ್ಕೆ ಹೋಗಿ ಬರೆಯುವ ಕ್ವಾಲಿಫೈಯರ್ ಪರೀಕ್ಷೆ. ಪಾಸಾದರೆ ಸೀಟು ಕಾದಿರುತ್ತದೆ, ಪ್ಲಸ್ ಟು ಮುಗಿದ ಮೇಲೆ ಸೇರುವುದು. ಪೂರ್ತಿ ಬಿಎಸ್‌ಗೆ 142 ಕ್ರೆಡಿಟ್, ಆದರೆ ಮೊದಲ ಫೌಂಡೇಶನ್ ಹಂತದ 32 ಕ್ರೆಡಿಟ್ ಮುಗಿಸಿದರೂ ಒಂದು ಸರ್ಟಿಫಿಕೇಟು ಉಂಟು. ಯುಜಿಸಿ 2022ರಿಂದ ಏಕಕಾಲಕ್ಕೆ ಎರಡು ಡಿಗ್ರಿ ಮಾಡಲು ಬಿಟ್ಟಿರುವುದರಿಂದ ಇಲ್ಲಿ ಕಾಲೇಜಿಗೆ ಹೋಗುತ್ತಾ ಅದನ್ನೂ ಮಾಡುವವರಿದ್ದಾರೆ. ಪಾಠ ಪೂರ್ತಿ ಇಂಗ್ಲಿಷ್, ಗಣಿತ ಸುಲಭ ಇಲ್ಲ, ಶುಲ್ಕವೂ ಸಣ್ಣದಲ್ಲ. ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಉಂಟು, ಆದಾಯ ಪ್ರಮಾಣಪತ್ರವನ್ನು ಗ್ರಾಮ ಕಚೇರಿಯಿಂದ ಮೊದಲೇ ತೆಗೆದಿಡಿ.

ಸ್ವಯಂ (ಕೇಂದ್ರ ಸರಕಾರದ ಆನ್‌ಲೈನ್ ಕೋರ್ಸುಗಳ ತಾಣ), ಎನ್‌ಪಿಟೆಲ್ (ಐಐಟಿಗಳು ನಡೆಸುವ ಆನ್‌ಲೈನ್ ಪಾಠ) ಬಗ್ಗೆ ಜನ ಜಾಸ್ತಿ ಆಸೆ ಇಟ್ಟುಕೊಳ್ಳುತ್ತಾರೆ. ಪಾಠ ಉಚಿತ. ಎನ್‌ಪಿಟೆಲ್‌ನಲ್ಲಿ 4 ವಾರದ ಕೋರ್ಸಿಗೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3. ಕಾಲೇಜುಗಳು ಶೇ. 40ರವರೆಗೆ ಸ್ವಯಂ ಕ್ರೆಡಿಟ್ ಒಪ್ಪಬಹುದು ಅಂತ ಯುಜಿಸಿ ಹೇಳಿದ್ದೂ ಹೌದು. ಆದರೆ ಆ ನಿಯಮ ಇರುವುದು ಕಾಲೇಜಿಗೆ ಸೇರಿದವರಿಗೆ. ಪ್ಲಸ್ ವನ್‌ನಲ್ಲಿ ಮಾಡಿಟ್ಟದ್ದು ಮುಂದೆ ನಡೆಯುತ್ತದೆ ಅಂತ ನಂಬಿ ಪರೀಕ್ಷೆ ಶುಲ್ಕ ಕಟ್ಟಬೇಡಿ. ವಿಷಯ ಇಷ್ಟ ಆಗ್ತದಾ ಅಂತ ನೋಡಲು ಪಾಠ ಮಾತ್ರ ನೋಡಲಿ, ಅದಕ್ಕೆ ಖರ್ಚಿಲ್ಲ.

ಕೈ ಕೆಲಸ ಕಲಿಯಬೇಕು ಅನ್ನುವವರಿಗೆ ವಿದ್ಯಾನಗರದಲ್ಲಿ ಕೇರಳ ಸರಕಾರದ ಕೌಶಲ ಸಂಸ್ಥೆ ಅಸಾಪ್‌ನ ಕಮ್ಯುನಿಟಿ ಸ್ಕಿಲ್ ಪಾರ್ಕ್ ಉಂಟು. ಸೇರುವ ಮೊದಲು ಕೋರ್ಸು ಎನ್‌ಎಸ್‌ಕ್ಯುಎಫ್‌ನ ಎಷ್ಟನೇ ಹಂತದ್ದು ಅಂತ ಕೇಳಿ. ಹಂತದ ನಂಬರು ಇಲ್ಲದ ಕೋರ್ಸು ಕಲಿಯಲು ಒಳ್ಳೆಯದಿರಬಹುದು, ಕ್ರೆಡಿಟ್ ಲೆಕ್ಕಕ್ಕೆ ಬರುವುದಿಲ್ಲ.

ಅಪ್ರೆಂಟಿಸ್

ಕರಾರು ಮಾಡಿಕೊಂಡು, ಸ್ಟೈಪೆಂಡ್ ಪಡೆದು, ಕೆಲಸದ ಜಾಗದಲ್ಲೇ ಕಲಿಯುವುದಕ್ಕೆ ಅಪ್ರೆಂಟಿಸ್ ಅಂತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 14 ವರ್ಷ ತುಂಬಿದವರು ಸೇರಬಹುದು, ಅಪಾಯದ ಕೆಲಸಗಳಿಗೆ 18 ಆಗಬೇಕು. ಪ್ರಾಯಕ್ಕೆ ಬಾರದವರ ಕರಾರಿಗೆ ಮನೆಯ ಹಿರಿಯರು ಸಹಿ ಹಾಕಬೇಕು. ಆ ಕರಾರು ಸರಕಾರದ ಪೋರ್ಟಲಿನಲ್ಲಿ ನೋಂದಣಿ ಆಗಿದ್ದರೆ ಮಾತ್ರ ಅದು ಅಪ್ರೆಂಟಿಸ್. ಅದಿಲ್ಲದೆ ಪರಿಚಯದ ಗ್ಯಾರೇಜಿನಲ್ಲಿ ಎರಡು ವರ್ಷ ದುಡಿದರೂ ಕಾಗದದಲ್ಲಿ ಸೊನ್ನೆ. ಕೆಲಸ ಕಲಿತಿರುತ್ತಾನೆ, ಸರಿ, ಆದರೆ ನಾವು ಇಲ್ಲಿ ಮಾತಾಡುತ್ತಿರುವುದು ಲೆಕ್ಕಕ್ಕೆ ಬರುವುದರ ಬಗ್ಗೆ.

2019ರ ತಿದ್ದುಪಡಿಯಲ್ಲಿ ತಿಂಗಳ ಸ್ಟೈಪೆಂಡ್ ಕನಿಷ್ಠ ಇಷ್ಟು ಅಂತ ಇಟ್ಟರು: ಹತ್ತನೇ ಆದವರಿಗೆ 6000 ರೂಪಾಯಿ, ಹನ್ನೆರಡು, ಐಟಿಐ ಅಥವಾ ವೊಕೇಶನಲ್ ಆದವರಿಗೆ 7000, ಡಿಪ್ಲೊಮಾದವರಿಗೆ 8000. ಇದು ಆಗ ಇಟ್ಟ ತಳ. ಸಹಿ ಹಾಕುವ ದಿನ ಪೋರ್ಟಲಿನಲ್ಲಿ ಎಷ್ಟಿದೆ ನೋಡಿ, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಪೋರ್ಟಲ್ ಎರಡು. ಐಟಿಐ ಟ್ರೇಡ್‌ನವರು ಮತ್ತು ಶಾಲೆ ಮುಗಿಸಿ ನೇರ ಬರುವವರು ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆ) ಕಡೆಯ ಪೋರ್ಟಲ್ ನೋಡಬೇಕು. ವಿಎಚ್‌ಎಸ್‌ಇ ಮತ್ತು ಡಿಪ್ಲೊಮಾದವರು ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ). ವಿಎಚ್‌ಎಸ್‌ಇ ಆದವರಿಗೆ ಟೆಕ್ನೀಶಿಯನ್ ವೊಕೇಶನಲ್ ಎಂಬ ವಿಭಾಗವೇ ಉಂಟು, ಒಂದು ವರ್ಷ, ಕೇರಳದಲ್ಲಿ ಅದನ್ನು ನೋಡಿಕೊಳ್ಳುವುದು ಕಳಮಶ್ಶೇರಿಯ ಸೂಪರ್‌ವೈಸರಿ ಡೆವಲಪ್‌ಮೆಂಟ್ ಸೆಂಟರ್. ಅವರು ಆಗಾಗ ನಡೆಸುವ ಸಂದರ್ಶನಗಳಿಗೆ ಹೋಗುವಾಗ ಮೇಲೆ ಹೇಳಿದ ನೋಟ್‌ಬುಕ್ ಜೊತೆಗಿರಲಿ. ಒಂದು ಎಚ್ಚರ: ಪಾಸಾದ ಮೇಲೆ ಬೇರೆ ಕಡೆ ಒಂದು ವರ್ಷ ಕೆಲಸ ಮಾಡಿ ಆಮೇಲೆ ನ್ಯಾಟ್ಸ್‌ಗೆ ಬಂದರೆ ತೆಗೆದುಕೊಳ್ಳುವುದಿಲ್ಲ. ಮೊದಲು ಇದು, ಆಮೇಲೆ ಕೆಲಸ.

ರೈಲ್ವೆ ಕಡೆಗೂ ಕಣ್ಣಿಡಿ. ನಾವು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿದವರು, ಅಲ್ಲಿ ಆಕ್ಟ್ ಅಪ್ರೆಂಟಿಸ್ (ಇದೇ ಕಾಯ್ದೆಯ ಕೆಳಗಿನ ಅಪ್ರೆಂಟಿಸ್) ಕರೆಯುವಾಗ 15 ತುಂಬಿರಬೇಕು, ಹತ್ತನೇ ಅಂಕ ಮತ್ತು ಐಟಿಐ ನೋಡಿ ಪಟ್ಟಿ ಮಾಡುತ್ತಾರೆ, ಪರೀಕ್ಷೆ ಇಲ್ಲ. ಸೀತಾಂಗೋಳಿಯಲ್ಲಿ ಎಚ್‌ಎಎಲ್ ಘಟಕ ಉಂಟು, ಗಡಿ ದಾಟಿದರೆ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್. ಇವರ ಪ್ರಕಟಣೆಗಳು ಬಂದು ಹೋಗುವುದು ಬೇಗ, ಪೋರ್ಟಲಿನಲ್ಲಿ ಮೊದಲೇ ಪ್ರೊಫೈಲ್ ಮಾಡಿಟ್ಟವರಿಗೆ ಮಾತ್ರ ಸಮಯ ಸಿಗುತ್ತದೆ.

ಮಂಗಳೂರಿಗೆ ಹೋಗುವವರಾದರೆ

ಗಡಿಯ ಎರಡು ಬದಿಯ ಡಿಗ್ರಿ ಈಗ ಒಂದೇ ಥರ ಇಲ್ಲ. ಕಣ್ಣೂರು ವಿವಿಯಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ: 133 ಕ್ರೆಡಿಟ್ ಮುಗಿಸಿ ಮೂರನೇ ವರ್ಷಕ್ಕೆ ಹೊರಗೆ ಬರಬಹುದು, 177 ಮುಗಿಸಿದರೆ ಆನರ್ಸ್. ಇಂಟರ್ನ್‌ಶಿಪ್‌ಗೂ ಕ್ರೆಡಿಟ್ ಉಂಟು. ಅದೇ ವರ್ಷ ಕರ್ನಾಟಕ ನಾಲ್ಕು ವರ್ಷದ್ದನ್ನು ಬಿಟ್ಟು ಮೂರು ವರ್ಷಕ್ಕೆ ವಾಪಸ್ ಹೋಯ್ತು. ಆದ್ದರಿಂದ ಇಲ್ಲಿ ಒಂದು ವರ್ಷ ಓದಿ ಅಲ್ಲಿಗೆ ಕ್ರೆಡಿಟ್ ಒಯ್ಯುತ್ತೇನೆ ಅನ್ನುವವರು ಪೇಪರ್ ಪೇಪರ್ ಹೊಂದಿಸಿ ನೋಡಬೇಕಾಗುತ್ತದೆ. ಇನ್ನೊಂದು, ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಅರ್ಧದಷ್ಟಾದರೂ ಕ್ರೆಡಿಟ್ ಮಾಡಿರಬೇಕು ಅಂತ ಕ್ರೆಡಿಟ್ ಬ್ಯಾಂಕಿನ ನಿಯಮವೇ ಹೇಳುತ್ತದೆ.

ಇಂಜಿನಿಯರಿಂಗಿನಂಥ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಗಡಿನಾಡು ಕನ್ನಡಿಗರಿಗೆ ಅವಕಾಶ ಇಟ್ಟಿದೆ. ಅದಕ್ಕೆ ಕನ್ನಡ ಓದಿದ್ದಕ್ಕೆ, ಊರಿನವರು ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ, ಸಿಇಟಿ ಅರ್ಜಿ ಹಾಕುವ ಹೊತ್ತಿಗೆ ಓಡಾಡಿದರೆ ಸಾಲದು. ಪ್ಲಸ್ ಟು ಟಿಸಿ ತಗೊಳ್ಳುವಾಗಲೇ ಒಂದನೇ ಕ್ಲಾಸಿನಿಂದ ಯಾವ ಮಾಧ್ಯಮ, ಯಾವ ಶಾಲೆ ಅಂತ ಹೆಡ್‌ಮಾಷ್ಟ್ರ ಸಹಿ, ಸೀಲು ಹಾಕಿದ ಪತ್ರ ಮಾಡಿಸಿಡಿ, ಎರಡು ಪ್ರತಿ. ಮೈಗ್ರೇಶನ್ ಸರ್ಟಿಫಿಕೇಟಿಗೂ ಅದೇ ವಾರ ಅರ್ಜಿ ಕೊಡಿ, ಅದು ಬರುವುದು ತಡ.